ಬಿದ್ದ ಜಾವಾದ ಬಿಡಿಭಾಗಗಳು: ಆರು ವರ್ಷ ಓಡಿಸಿದ ಮೇಲೆ

ನನ್ನ ಬಳಿ ಓಡುವ ಜಾವಾ 250 ಬೈಕೊಂದಿದೆ. ಆರು ವರ್ಷಗಳ ಹಿಂದೆ ಅದೇ ಮಾದರಿಯ, ಅಪಘಾತದಲ್ಲಿ ನುಜ್ಜುಗುಜ್ಜಾದ ಇನ್ನೊಂದನ್ನು ಬಿಡಿಭಾಗಗಳಿಗೆಂದೇ ಕೊಂಡೆ. ಅದರಿಂದ ಕಳಚಿ ತೆಗೆದವುಗಳನ್ನು ಹಾಕಿಕೊಂಡು ಇಲ್ಲಿಯವರೆಗೆ ಸುಮಾರು 14,000 ಕಿಲೋಮೀಟರ್ ಓಡಿಸಿದ್ದೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಹೊಗಳಿಕೆ ತುಂಬಿರುತ್ತಿತ್ತು. ತಡವಾಗಿದ್ದು ಒಳ್ಳೆಯದೇ ಆಯಿತು.

ಇಂಥ ಗಾಡಿಯ ಅಗತ್ಯ ಯಾಕೆ ಬಿತ್ತೆಂದರೆ, ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಜಾವಾವನ್ನು ಮೈಸೂರಿನಲ್ಲಿ ಐಡಿಯಲ್ ಜಾವಾ 1961ರಿಂದ ತಯಾರಿಸಿತು, 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಮೇಲೆ ಬೇರೆಯವರು ಮಾಡಿದ ಹೊಸ ಭಾಗಗಳು ಸಿಗುತ್ತವೆ, ಇಲ್ಲವೆಂದಲ್ಲ. ಪಿಸ್ಟನ್, ಕೇಬಲ್, ರಬ್ಬರು ಚೆನ್ನಾಗಿಯೇ ಬರುತ್ತವೆ. ಆದರೆ ಗೇರಿನ ಹಲ್ಲು, ಶಾಫ್ಟು, ಕಿಕ್ಕರ್ ಒಳಗಿನ ಚೂರುಗಳಲ್ಲಿ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕಿರಿಕಿರಿ ತಪ್ಪಿದ್ದಲ್ಲ.

ಗಾಡಿ ಮನೆಗೆ ಬಂದ ದಿನವೇ ಸ್ಪ್ಯಾನರ್ ಹಿಡಿಯುವ ಆಸೆಯನ್ನು ಹೇಗೋ ತಡೆದುಕೊಂಡೆ. ಎರಡು ದಿನ ಬರೀ ನೋಡಿದೆ, ಫೋಟೊ ತೆಗೆದೆ. ಎದುರಿನಿಂದ ಹೊಡೆತ ಬಿದ್ದು, ಬಲಮಗ್ಗುಲಿಗೆ ಉರುಳಿ, ಅದೇ ಮಗ್ಗುಲಲ್ಲಿ ಜಾರಿಕೊಂಡು ಹೋಗಿತ್ತು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಜಾವಾದ ಎಡಬದಿಯಲ್ಲಿ ಕ್ಲಚ್, ಪ್ರೈಮರಿ ಚೈನು ಮತ್ತು ಗೇರು ಹಾಕಲು, ಕಿಕ್ ಹೊಡೆಯಲು ಎರಡಕ್ಕೂ ಬಳಕೆಯಾಗುವ ಆ ಒಂದೇ ಲಿವರ್ ಇವೆ. ಬಲಬದಿಯಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ತುದಿಗೆ ಕೂತ, ವಿದ್ಯುತ್ ಹುಟ್ಟಿಸುವ ಡೈನಮೊ. ಹಾಗಾಗಿ ಎಡಗಡೆಯದನ್ನು ಆಸೆಯಿಂದಲೂ ಬಲಗಡೆಯದನ್ನು ಅನುಮಾನದಿಂದಲೂ ಬಿಚ್ಚಿದೆ.

ಅನುಮಾನ ನಿಜವಾಯಿತು. ಡೈನಮೊ ಕವಚ ಒಡೆದಿದ್ದಷ್ಟೇ ಅಲ್ಲ, ಒಳಗೆ ತಿರುಗುವ ಆರ್ಮೇಚರ್ ಒಂದು ಕಡೆ ಉಜ್ಜಿ ಹೊಳೆಯುತ್ತಿತ್ತು. ಸಣ್ಣ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಕ್ರ್ಯಾಂಕಿನ ಬಲತುದಿ 0.15 ಮಿಲಿಮೀಟರ್ ಓಲಾಡುತ್ತಿತ್ತು. ಹೊರಗಿನಿಂದ ನೋಡಿದವರಾರೂ ಆ ಕ್ರ್ಯಾಂಕನ್ನು ಕೆಟ್ಟದ್ದೆನ್ನುತ್ತಿರಲಿಲ್ಲ. ಅದನ್ನು ಬದಿಗಿಟ್ಟೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಪೈಪುಗಳದ್ದೂ ಇದೇ ಕಥೆ: ಕಣ್ಣಿಗೆ ಕಡ್ಡಿಯಂತೆ ನೇರ. ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ, ಹಿಂದಿನಿಂದ ಬ್ಯಾಟರಿ ದೀಪ ಹಿಡಿದಾಗ ಮಧ್ಯದಲ್ಲಿ ಬೆಳಕಿನ ಗೆರೆಯೊಂದು ಮೂಡುತ್ತಿತ್ತು, ಮಾಯವಾಗುತ್ತಿತ್ತು. ಲೇತ್ ಕೆಲಸದವರ ಬಳಿ ಒಯ್ದೆ. "ನೆಟ್ಟಗೆ ಮಾಡಿಕೊಡುತ್ತೇನೆ ಸಾರ್, ಆದರೆ ಅದನ್ನು ಹಾಕಿದ ಗಾಡಿಯ ಮೇಲೆ ನಾನು ಕೂರುವುದಿಲ್ಲ" ಎಂದರು. ಎರಡೂ ಪೈಪು, ಹ್ಯಾಂಡಲ್, ಮುಂದಿನ ಆಕ್ಸಲ್ ಗುಜರಿಗೆ ಹೋದವು. ಚಾಸಿಯನ್ನು ಬಳಸುವ ಯೋಚನೆಯೇ ಇರಲಿಲ್ಲ. ಅದರ ಮೇಲಿನ ಸಂಖ್ಯೆಯೇ ಆ ಗಾಡಿಯ ಗುರುತು. ಎಂಜಿನ್ ಕೇಸಿನ ಮೇಲೂ ಸಂಖ್ಯೆ ಇರುವುದರಿಂದ ನನ್ನ ಕೇಸನ್ನೇ ಉಳಿಸಿಕೊಂಡು ಒಳಗಿನ ಸರಕನ್ನು ಮಾತ್ರ ಬದಲಿಸಿದೆ. ಕೇಸಿನ ಎರಡು ಹೋಳುಗಳನ್ನು ಜೋಡಿಯಾಗಿಯೇ ಕೊರೆದಿರುತ್ತಾರೆ. ಇದರ ಎಡ ಅದರ ಬಲ ಸೇರಿಸುವ ದುಸ್ಸಾಹಸ ಬೇಡ.

ಅಲ್ಯೂಮಿನಿಯಂ ಭಾಗಗಳಿಗೆ ನಾನು ನಂಬಿದ್ದು ಸೀಮೆಎಣ್ಣೆ ಮತ್ತು ಚಾಕ್ ಪುಡಿಯನ್ನು. ಚೆನ್ನಾಗಿ ತೊಳೆದು, ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಪುಡಿ ಉದುರಿಸಿ ಕಾದರೆ, ಬಿರುಕಿದ್ದಲ್ಲಿ ಎಣ್ಣೆ ಹೊರಗೆ ಬಂದು ಪುಡಿಯ ಮೇಲೆ ಗೆರೆ ಬರೆಯುತ್ತದೆ. ಮುಂದಿನ ಹಬ್‌ನಲ್ಲಿ ಚಕ್ರದ ಕಡ್ಡಿ (ಸ್ಪೋಕ್) ಸಿಕ್ಕಿಸುವ ಮೂರು ರಂಧ್ರಗಳ ನಡುವೆ ಅಂಥ ಗೆರೆ ಕಂಡಿತು. ಹಿಂದಿನ ಹಬ್ ಶುದ್ಧವಾಗಿತ್ತು. ಹೊಸ ಕಡ್ಡಿ, ಹೊಸ ಬೇರಿಂಗ್, ಹೊಸ ಬ್ರೇಕ್ ಶೂ ಹಾಕಿ ಕಟ್ಟಿಸಿದ ಆ ಚಕ್ರ ಇಂದಿಗೂ ಅಲುಗಿಲ್ಲ. ಬೇರಿಂಗ್ ತೆಗೆಯುವಾಗ ಸುತ್ತಿಗೆ ಹಿಡಿಯದೆ ಹಬ್ಬನ್ನೇ ನೂರು ಡಿಗ್ರಿಯಷ್ಟು ಬಿಸಿ ಮಾಡಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ ಬೇರಿಂಗ್ ತಾನಾಗಿಯೇ ಕೆಳಗೆ ಬಿತ್ತು.

ಈಗ ಹೊಗಳಬೇಕಾದದ್ದನ್ನು ಹೊಗಳುತ್ತೇನೆ: ಗೇರುಪೆಟ್ಟಿಗೆ. ನನ್ನ ಹಳೆಯ ಗೇರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಕೊಂಡಿಯ ಅಂಚು ಸವೆದು ದುಂಡಾಗಿ, ಏರಿನಲ್ಲಿ ಮೂರನೆಯ ಗೇರು ಹೊರಗೆ ಜಿಗಿಯುತ್ತಿತ್ತು. ಬಿದ್ದ ಗಾಡಿಯ ಗೇರುಗಳ ಅಂಚು ಚೂಪಾಗಿದ್ದವು, ಹಲ್ಲಿನ ಮೇಲೆ ಸಣ್ಣ ಗುಳಿಗಳೂ ಇರಲಿಲ್ಲ. ಒಂದೊಂದು ಗೇರನ್ನು ಬಿಡಿಯಾಗಿ ಆರಿಸದೆ ಇಡೀ ಸೆಟ್ಟನ್ನು ಶಾಫ್ಟುಗಳ ಸಮೇತ ಸಾಗಿಸಿದೆ. ಒಟ್ಟಿಗೆ ಸವೆದ ಹಲ್ಲುಗಳು ಒಟ್ಟಿಗೇ ಇರಲಿ ಎಂದು. ಆರು ವರ್ಷಗಳಲ್ಲಿ ಒಮ್ಮೆಯೂ ಗೇರು ಜಿಗಿದಿಲ್ಲ. ಕಿಕ್ಕರಿನ ಹಲ್ಲುಚಕ್ರವೂ ಅದರದ್ದೇ, ಅದೂ ಜಾರಿಲ್ಲ.

ಟ್ಯಾಂಕಿನ ಬಲಕೆನ್ನೆ ತಗ್ಗಿತ್ತು, ಒಳಗೆ ಮಾತ್ರ ನಿರೀಕ್ಷೆಗಿಂತ ಕಡಿಮೆ ತುಕ್ಕು. ಟು ಸ್ಟ್ರೋಕ್ ಗಾಡಿಗೆ ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸುವುದರಿಂದ ತಗಡಿನ ಮೇಲೆ ಪದರ ಕೂತಿರಬೇಕು. ವಿನೆಗರ್ ತುಂಬಿ ಎರಡು ದಿನ ಬಿಟ್ಟು, ಸೋಡಾ ಪುಡಿ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿದ ತಕ್ಷಣ ಎಣ್ಣೆ ಸವರಿದೆ. ತಗ್ಗನ್ನು ಬೆಸುಗೆ ಹಾಕಿ ಎಳೆಯೋಣವೆಂದು ಒಬ್ಬರು ಹೇಳಿದರು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ತಗ್ಗು ಇದ್ದಂತೆಯೇ ಇದೆ.

ನಾನು ಮಾಡಿದ ದೊಡ್ಡ ತಪ್ಪು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕ್ರ್ಯಾಂಕಿನ ಎರಡೂ ತುದಿಯಲ್ಲಿ ಕೂರುವ ರಬ್ಬರು ಬಳೆಗಳಾದ ಹೊಸ ಆಯಿಲ್ ಸೀಲ್‌ಗಳಲ್ಲಿ ಎಡಬದಿಯದು ಬಂದಿತ್ತು, ಬಲಬದಿಯದು ತಡವಾಗಿತ್ತು. ಬಿಚ್ಚಿದ ಹಳೆಯ ಸೀಲ್ ಬೆರಳಿಗೆ ಮೆತ್ತಗೆ ಕಂಡಿತು, ಅದನ್ನೇ ಕೂರಿಸಿದೆ. ಎಡಬದಿಯ ಸೀಲ್ ಸೋತರೆ ಎಂಜಿನ್ ಕ್ಲಚ್ ಕೋಣೆಯ ಎಣ್ಣೆ ಹೀರಿ ಬಿಳಿ ಹೊಗೆ ಉಗುಳುತ್ತದೆ, ಲೋಕಕ್ಕೇ ಗೊತ್ತಾಗುತ್ತದೆ. ಬಲಬದಿಯದು ಸೋತರೆ ಸದ್ದಿಲ್ಲದೆ ಗಾಳಿ ಹೀರುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಸುಳಿವುಗಳಿದ್ದವು: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಕ್ಷಣ ಇಳಿಯುತ್ತಿರಲಿಲ್ಲ, ಪ್ಲಗ್ಗಿನ ಮೂತಿ ಬೆಳ್ಳಗಿತ್ತು. ನಾನು ಕಾರ್ಬುರೇಟರನ್ನು ಬೈಯುತ್ತಾ ಅದರ ತಿರುಪುಗಳೊಂದಿಗೆ ಆಡುತ್ತಿದ್ದೆ. 400 ಕಿಲೋಮೀಟರ್ ಆಗುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಗಕ್ಕನೆ ನಿಂತಿತು. ಕ್ಲಚ್ ಒತ್ತಿದ್ದರಿಂದ ನಾನು ಉಳಿದೆ. ಅಪಘಾತದ ಗಾಡಿಯಿಂದಲೇ ತಂದು, 65 ಮಿಲಿಮೀಟರಿನ ಬೋರನ್ನು (ಒಳವ್ಯಾಸವನ್ನು) ಒಂದು ಮೆಟ್ಟಿಲು ಹಿಗ್ಗಿಸಿದ್ದ ಸಿಲಿಂಡರನ್ನು ಮತ್ತೊಂದು ಮೆಟ್ಟಿಲು ಕೊರೆಸಬೇಕಾಯಿತು. ಸೀಲ್, ಬೇರಿಂಗ್, ರಬ್ಬರು, ಕೇಬಲ್, ಬ್ರೇಕಿಗೆ ಸಂಬಂಧಿಸಿದ ಯಾವುದನ್ನೂ ಈಗ ಹಳೆಯದರಿಂದ ತೆಗೆದುಕೊಳ್ಳುವುದಿಲ್ಲ.

ಆ ಬಲಬದಿಯ ಡೈನಮೊದಲ್ಲೂ ಪೂರ್ತಿ ನಷ್ಟವಾಗಲಿಲ್ಲ. ಅದರ ಫೀಲ್ಡ್ ಕಾಯಿಲ್ (ಅಯಸ್ಕಾಂತ ಗುಣ ಹುಟ್ಟಿಸುವ ತಂತಿಸುರುಳಿ) ಮತ್ತು ಬ್ರಷ್ ಹಿಡಿಕೆಗಳನ್ನು ನನ್ನದಕ್ಕೆ ಹಾಕಿದೆ. ಜೋಡಿಸಿದ ಮೇಲೆ ಚಾರ್ಜೇ ಬರಲಿಲ್ಲ. ವರ್ಷಗಟ್ಟಲೆ ಸುಮ್ಮನೆ ಕೂತ ಡೈನಮೊದ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತ ಗುಣ ಕುಗ್ಗಿರುತ್ತದೆ. ಬ್ಯಾಟರಿಯಿಂದ ಫೀಲ್ಡಿಗೆ ಒಂದು ಕ್ಷಣ ವಿದ್ಯುತ್ ಮುಟ್ಟಿಸಿದಾಗ ಎಚ್ಚರಗೊಂಡಿತು. ಆರು ವೋಲ್ಟಿನ ದೀಪ ರಾತ್ರಿ ದಾರಿ ತೋರಿಸುವುದಕ್ಕಿಂತ ಎದುರಿನವರಿಗೆ ನಾವು ಬರುತ್ತಿದ್ದೇವೆಂದು ತಿಳಿಸುವುದಕ್ಕಷ್ಟೇ ಸಾಕು, ಅದು ಬೇರೆ ಮಾತು.

ಆದರೆ ಕೊಂಡದ್ದು ಸಾರ್ಥಕ ಎನಿಸಿದ್ದು ಗೇರುಪೆಟ್ಟಿಗೆಯಿಂದಲೂ ಅಲ್ಲ, ಒಂದು ಬಿಸ್ಕತ್ತಿನ ಡಬ್ಬಿಯಿಂದ. ಬಿಚ್ಚುವಾಗ ಬಂದ ಪ್ರತಿ ವಾಷರ್, ಸ್ಪೇಸರ್, ಬುಷ್, ಪಿನ್ನನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ, ಚೀಟಿ ಕಟ್ಟಿ ಅದರಲ್ಲಿಟ್ಟಿದ್ದೆ. ನನ್ನ ಗಾಡಿಯನ್ನು ಹಿಂದೆ ಎಷ್ಟು ಕೈಗಳು ಬಿಚ್ಚಿದ್ದವೋ, ಹಲವೆಡೆ ಮೂಲದ ಸ್ಪೇಸರ್ ಕಳೆದು ಎರಡು ವಾಷರ್ ತುರುಕಿದ್ದರು. ಹಿಂದಿನ ಚಕ್ರ ಚೈನಿನ ಸಾಲಿಗೆ ಸರಿಯಾಗಿ ಕೂರದಿರುವುದಕ್ಕೆ ಅದೇ ಕಾರಣವಾಗಿತ್ತು. ಆ ಡಬ್ಬಿ ಇಲ್ಲದಿದ್ದರೆ ಯಾವುದರ ದಪ್ಪ ಎಷ್ಟು, ಯಾವುದು ಮೊದಲು ಎಂದು ಕೇಳಲು ನನಗೆ ಯಾರೂ ಇರಲಿಲ್ಲ.

ಕಳೆದ ತಿಂಗಳು ಇನ್ನೊಬ್ಬ ಜಾವಾ ಮಾಲೀಕರು ಹಿಂದಿನ ಆಕ್ಸಲ್ಲಿನ ಸ್ಪೇಸರ್ ಕೇಳಿಕೊಂಡು ಬಂದರು. ಕೊಡಲು ಮನಸ್ಸಾಗಲಿಲ್ಲ. ಅಳತೆ ಬರೆದುಕೊಟ್ಟೆ, ಲೇತ್‌ನಲ್ಲಿ ಒಂದನ್ನು ಮಾಡಿಸಿಕೊಂಡರು. ನನ್ನದು ತಂತಿಯಲ್ಲಿ ತನ್ನ ಜಾಗಕ್ಕೆ ವಾಪಸ್ಸು ಹೋಯಿತು.