ಸೋಫಾ ತಿಕ್ಲಾಕ ವಾಯರ್ ಡ್ರಿಲ್ಲಾ, ಬ್ಯಾಟ್ರಿ ಡ್ರಿಲ್ಲಾ, ಪಾಲಿಶರ್ರಾ, ಕೈಬ್ರಶ್ಶಾ? ನಾ ಕೈ ಸುಟ್ಕೊಂಡ ಕಥಿ

ಮೊದ್ಲೇ ಹೇಳಿಬಿಡ್ತೀನಿ, ನನ್ನ ಓಟು ಬ್ಯಾಟ್ರಿ ಡ್ರಿಲ್ಲಿಗೆ. 12 ವೋಲ್ಟಿಂದು, ಸಣ್ಣದು, ಮುಂದ ಒಂದು ಬಿಳಿ ಮೆತ್ತನ ಬ್ರಶ್. ಪೂರಾ ಓದ್ಲಾಕ ಪುರಸೊತ್ತಿಲ್ಲ ಅನ್ನೋರು ಇಷ್ಟಕ್ಕೇ ಬಿಟ್ರೂ ನಡೀತದ.

ನಾ ಕಲಬುರಗಿದಾಗ ಸೋಫಾ, ಕಾರ್ಪೆಟ್, ಕಾರಿನ ಸೀಟು ತೊಳಿಯೋ ಕೆಲಸ ಮಾಡ್ತೀನಿ, ನಾಕು ವರ್ಷ ಆತು, ಜೋಡಿಗಿ ಒಬ್ಬ ಹುಡುಗ ಇದಾನ. ರಂಜಾನ್ ಮುಂದ, ದೀಪಾವಳಿ ಮುಂದ ದಿನಾ ಮೂರು ಮನಿ, ಉಳಿದ ಟೈಮಿನಾಗ ವಾರಕ್ಕ ಐದಾರು ಬಂದ್ರ ಪುಣ್ಯ. ಮೊದಲ ಎರಡು ವರ್ಷ ಪೂರಾ ಕೈಲೇ ತಿಕ್ಕೀನಿ. ಸಂಜಿಕಿ ಮನಿಗಿ ಹೋಗಿ ರೊಟ್ಟಿ ಮುರಿಲಾಕೂ ಬೆರಳು ಮಡಚ್ತಿದ್ದಿಲ್ಲ, ಅದಕ್ಕೇ ಈ ಮಷಿನ್ ಹುಚ್ಚು ಹತ್ತಿದ್ದು.

ನಮ್ಮ ಕಡಿ ಸೋಫಾದಾಗ ಎರಡು ಥರದ ಹೊಲಸು ಇರ್ತದ. ಒಂದು ಧೂಳು. ಗಂಜ್ ಕಡಿ ಮನಿಗಳಿಗಿ ಹೋದ್ರ ದಾಲ್ ಮಿಲ್ಲಿನ ತೊಗರಿ ಹೊಟ್ಟಿನ ಪುಡಿ, ಶಹಾಬಾದ್ ವಾಡಿ ಕಡಿ ಹೋದ್ರ ಸಿಮೆಂಟಿನ ಬೂದಿ, ಹಳ್ಳಿ ಕಡಿ ಹೋದ್ರ ಎರಿ ಮಣ್ಣು. ಇದಕ್ಕ ತಿಕ್ಕೋದು ಬ್ಯಾಡ, ಒಣ ಇದ್ದಾಗ್ಲೇ ವ್ಯಾಕ್ಯೂಮ್ ಹೊಡಿಬೇಕು, ಇಲ್ಲಂದ್ರ ನೀರು ಬಿದ್ದಕೂಡ್ಲೇ ಎಲ್ಲಾ ಕೆಸರಾಗಿ ಒಳಗಿನ ಸ್ಪಂಜಿಗಿ ಇಳಿತದ, ಆಮ್ಯಾಲ ದೇವರು ಬಂದ್ರೂ ತೆಗಿಯಂಗಿಲ್ಲ. ಎರಡನೇದು ತಲಿ ಎಣ್ಣಿ. ಸೋಫಾದ ಬೆನ್ನಿಗಿ ತಲಿ ಆನಿಸಿ ಟೀವಿ ನೋಡೋ ಜಾಗದಾಗ ಕೊಬ್ರಿ ಎಣ್ಣಿ ಕುಡಿದು ಕುಡಿದು ಕರ್ರಗ ಆಗಿರ್ತದಲ್ಲ ಅದು, ಮತ್ತ ಕೈ ಇಡೋ ಜಾಗ. ತಿಕ್ಕೋದು ಬೇಕಾಗೋದು ಇಲ್ಲೇ.

ಜರ್ಮನಿ ಕೆಮಿಸ್ಟ್ ಹರ್ಬರ್ಟ್ ಸಿನ್ನರ್ ಅಂತ ಒಬ್ಬಾಂವ 1959ರಾಗೇ ಒಂದು ಲೆಕ್ಕ ಹೇಳ್ಯಾನ, ತೊಳಿಯೋದಂದ್ರ ಕೆಮಿಕಲ್, ಬಿಸಿ, ಟೈಮು, ತಿಕ್ಕೋದು, ಈ ನಾಕೇ, ಒಂದು ಕಡಿಮಿ ಆದ್ರ ಇನ್ನೊಂದು ಜಾಸ್ತಿ ಮಾಡಬೇಕು ಅಂತ. ನಮ್ಮೂರಿನ ಮೇ ತಿಂಗಳದಾಗ ಬಿಸಿ ಪುಕ್ಕಟ ಸಿಗ್ತದ, ಟ್ಯಾಂಕಿನ ನೀರೇ ಕೈ ಸುಡ್ತದ. ಆದ್ರ ಟೈಮ್ ಸಿಗಂಗಿಲ್ಲ, ಫ್ಯಾನ್ ಕೆಳಗ ಶಾಂಪೂ ಹೊಡ್ದು ಹತ್ತು ನಿಮಿಷ ಬಿಡಬೇಕಂದ್ರ ಐದು ನಿಮಿಷಕ್ಕೇ ಒಣಗಿ ಹಪ್ಪಳ ಆಗಿರ್ತದ. ಹಂಗಾಗಿ ತಿಕ್ಕೋದು ಲಗು ಲಗು ಆಗಬೇಕು.

ಮೊದ್ಲು ತಗೊಂಡಿದ್ದು ವಾಯರ್ ಡ್ರಿಲ್. ಖರೇ ಹೇಳ್ಬೇಕಂದ್ರ ತಗೊಂಡಿಲ್ಲ, ಮನ್ಯಾಗ ಗ್ವಾಡಿಗಿ ತೂತು ಹಾಕ್ಲಾಕ ಇತ್ತು, 10 ಎಂಎಂದು, ಅದಕ್ಕ ಆನ್ಲೈನಿನಾಗ ಮೂರು ಬ್ರಶ್ಶಿನ ಸೆಟ್ 380 ರೂಪಾಯಿಗಿ ತರಿಸಿದೆ. ಹಳದಿ ಬ್ರಶ್. ಆ ಹಳದಿದು ಬಾತ್ರೂಮಿನ ಟೈಲ್ಸಿಗಿ ಇರೋದು, ಸೋಫಾಕ್ಕ ಮೆತ್ತಗಿಂದು ಬ್ಯಾರೆ ಬರ್ತದ ಅಂತ ಆವಾಗ ಯಾರು ಹೇಳ್ಬೇಕು. ಕಾರಿನ ಸೀಟಿನ ಮ್ಯಾಲ ಮೊದ್ಲು ಹಿಡ್ದೆ, ಹತ್ತು ನಿಮಿಷದ ಕೆಲಸ ಎರಡು ನಿಮಿಷದಾಗ ಆತು, ನಂದೇ ನಸೀಬು ಅಂದ್ಕೊಂಡೆ.

ಈಗ ನಾ ಕೈ ಸುಟ್ಕೊಂಡ ಸುದ್ದಿ, ಅದು ಲಾಕ್ ಬಟನ್ನಿಂದು. ವಾಯರ್ ಡ್ರಿಲ್ಲಿಗಿ ಹಿಡಿಕಿ ಮ್ಯಾಲ, ಟ್ರಿಗರ್ ಹಿಂದ, ಎಡಗಡಿ ಒಂದು ಸಣ್ಣ ಗುಂಡಿ ಇರ್ತದ. ಟ್ರಿಗರ್ ಪೂರಾ ಒತ್ತಿ ಆ ಗುಂಡಿ ಒತ್ತಿದ್ರ ಡ್ರಿಲ್ ತಾನೇ ತಿರಗಲತ್ತದ, ಬೆರಳು ಬಿಟ್ರೂ ನಿಲ್ಲಂಗಿಲ್ಲ, ನಿಲ್ಲಿಸಬೇಕಂದ್ರ ಮತ್ತೊಮ್ಮಿ ಟ್ರಿಗರ್ ಒತ್ತಿ ಬಿಡಬೇಕು. ಬಲಗೈಲೇ ಹಿಡಿಯೋರಿಗಿ ಅದು ಹೆಬ್ಬೆರಳಿನ ಕಡಿ ಬರ್ತದ, ಬೇಕಂದ್ರ ಒತ್ತಬೇಕು, ಬ್ಯಾಡಂದ್ರ ಇಲ್ಲ. ನಾ ಎಡಚ. ಎಡಗೈಲೇ ಹಿಡಿದ್ರ ಆ ಗುಂಡಿ ನೆಟ್ಟಗ ಅಂಗೈ ಅಡಿ ಬರ್ತದ. ಗ್ವಾಡಿಗಿ ತೂತು ಹಾಕೋ ಮುಂದ ಒಮ್ಮಿನೂ ತ್ರಾಸ ಕೊಟ್ಟಿದ್ದಿಲ್ಲ, ಯಾಕಂದ್ರ ಒಂದು ತೂತು ಅಂದ್ರ ಹತ್ತು ಸೆಕೆಂಡು. ಸೋಫಾ ತಿಕ್ಕೋದು ಅರ್ಧ ತಾಸು, ಕೈ ತುಂಬ ಶಾಂಪೂ ನೊರಿ, ಜಾರ್ತದ ಅಂತ ಗಟ್ಟಿ ಹಿಡೀತೀವಿ, ಗಟ್ಟಿ ಹಿಡಿದಷ್ಟೂ ಗುಂಡಿ ಒತ್ತತದ.

ಸೇಡಂ ರೋಡಿನ ಕಡಿ ಒಂದು ಮನಿ, ಹತ್ತು ದಿನಕ್ಕ ಲಗ್ನ, ಮಿಸ್ತ್ರಿ ಕೈಲೇ ಮಾಡಿಸಿದ ದೊಡ್ಡ ಸೋಫಾ, ಕೆಳಗ ಸುತ್ತಾ ಝಾಲರ ಇಳಿಬಿಟ್ಟಿದ್ರು. ಸೀಟು, ಬೆನ್ನು ಎಲ್ಲಾ ಚಲೋ ಆತು. ಕಡೀಕ ಮುಂದಿನ ಪಟ್ಟಿ ತಿಕ್ಕಿ ಬೆರಳು ಬಿಟ್ಟೆ, ಬಿಟ್ಟೆ ಅಂದ್ಕೊಂಡೆ, ಡ್ರಿಲ್ ನಿಂತಿಲ್ಲ. ನಾ ಅದನ್ನ ನೆಲಕ್ಕಿಡಲಾಕ ಕೆಳಗ ತಂದ್ರ ಬ್ರಶ್ ಹೋಗಿ ಝಾಲರ ಹಿಡ್ಕೊಂಡುಬಿಡ್ತು. ಗರಗರ ಅಂತ ಒಂದು ಮೊಳ ಸುತ್ಕೊಂಡು ನನ್ನ ಮುಂಗೈ ತಿರುವಿ, ಹೊಲಿಗಿ ಕಿತ್ತು, ಮ್ಯಾಲಿನ ಬಟ್ಟಿನೂ ಜಗ್ಗಿ ನಿರಿಗಿ ಹಾಕಿಬಿಡ್ತು. ಟ್ರಿಗರ್ ಮತ್ತೊಮ್ಮಿ ಒತ್ತಬೇಕು ಅನ್ನೋದು ಆ ಗಡಿಬಿಡಿದಾಗ ಯಾರಿಗಿ ಹೊಳಿತದ, ಹುಡುಗ ಓಡಿ ಹೋಗಿ ಪ್ಲಗ್ ಕಿತ್ತಿದ. ಅಕ್ಕಾರು ಒಳಗಿಂದ ಬಂದು ನಿಂತು ನೋಡಿ, "ತಮ್ಮಾ, ಚಂದ ಕಾಣ್ಲಿ ಅಂತ ಕರ್ಸಿದ್ವಲ್ಲೋ" ಅಂದ್ರು ಅಷ್ಟೇ. ಬೈದಿದ್ರ ಪಾಡಿತ್ತು. ಮಿಸ್ತ್ರಿಗಿ 1800 ಕೊಟ್ಟು ಹೊಸಾ ಝಾಲರ ಹೊಲ್ಸಿದೆ, ಆ ದಿನದ 1400 ಕೂಲಿನೂ ತಗೊಂಡಿಲ್ಲ, ಮುಂಗೈ ಬಾವು ಇಳಿಲಾಕ ವಾರ ಹಿಡೀತು.

ಆಮ್ಯಾಲ ಕುಂತು ಲೆಕ್ಕ ಹಾಕ್ದೆ. ಡಬ್ಬಿ ಮ್ಯಾಲ ನಿಮಿಷಕ್ಕ 2600 ಸುತ್ತು ಅಂತ ಬರ್ದದ, ಬ್ರಶ್ ನಾಕು ಇಂಚಿಂದು, ಅಂದ್ರ ಬ್ರಶ್ಶಿನ ಅಂಚು ತಾಸಿಗಿ ಹತ್ರ ಹತ್ರ 50 ಕಿಲೋಮೀಟರ್ ಓಟದಾಗ ಬಟ್ಟಿ ಮ್ಯಾಲ ಹೋಗ್ತದ. ನಮ್ಮ ರಿಂಗ್ ರೋಡಿನಾಗ ಬೈಕ್ ಓಡಿಸೋ ಸ್ಪೀಡು. ಬ್ಯಾಟ್ರಿ ಡ್ರಿಲ್ಲಿನ ಒಂದನೇ ಗೇರಿನಾಗ ನಿಮಿಷಕ್ಕ 400 ಸುತ್ತು, ಅದೇ ಬ್ರಶ್ಶಿಗಿ ತಾಸಿಗಿ ಏಳೆಂಟು ಕಿಲೋಮೀಟರ್. ಸೋಫಾಕ್ಕ ಅಷ್ಟೇ ಸಾಕು.

ಬ್ಯಾಟ್ರಿ ಡ್ರಿಲ್ಲಿನಾಗ ನನಗ ಭಾಳ ಸೇರಿದ್ದು ಸ್ಪೀಡ್ ಅಲ್ಲ, ಕ್ಲಚ್. ಮುಂದ ಕುತ್ತಿಗಿಗಿ ನಂಬರ್ ಇರೋ ಬಳಿ ಇರ್ತದಲ್ಲ, ಸ್ಕ್ರೂ ಬಿಗಿ ಮಾಡ್ಲಾಕ ಇಟ್ಟದ್ದು, ಅದನ್ನ 3ಕ್ಕೋ 4ಕ್ಕೋ ಇಟ್ರ ಬ್ರಶ್ಶಿಗಿ ದಾರ ಸಿಕ್ಕ ತಕ್ಷಣ ಕಟಕಟ ಅಂತ ಸಪ್ಪಳ ಮಾಡಿ ಜಾರ್ತದ, ಮುಂದ ಸುತ್ತಂಗಿಲ್ಲ. ಬೆರಳು ಬಿಟ್ರ ತಟ್ನ ನಿಲ್ತದ. ಲಾಕ್ ಗುಂಡಿ ಇಲ್ಲ. ಹಿಂದ ಮುಂದ ಎರಡೂ ಕಡಿ ತಿರುಗ್ತದ, ಸಿಕ್ಕಿದ ದಾರನೂ ಉಲ್ಟಾ ತಿರುವಿ ಬಿಡಿಸ್ಕೋಬಹುದು. ಸೋಫಾದ ಅಂಚಿನ ಪೈಪಿಂಗ್ ಹತ್ರ, ದಿಂಬಿನ ಜಿಪ್ ಹತ್ರ ಈ ಕ್ಲಚ್ ಎಷ್ಟು ಸಲ ನನ್ನ ಮಾನ ಉಳಿಸ್ಯದೋ. ಕರೆಂಟಿನ ಹೆದರಿಕಿನೂ ಇಲ್ಲ. ಶಹಾಬಾದ್ ಫರಸಿ ಮ್ಯಾಲ ನೀರು ಚೆಲ್ಲಿ, ಬರಿಗಾಲಿಲೇ ನಿಂತು, 230 ವೋಲ್ಟಿನ ವಾಯರ್ ಎಳ್ಕೊಂಡು ಕೆಲಸ ಮಾಡೋದು ನೆನಸಿದ್ರ ಈಗ ಎದಿ ಝಲ್ ಅಂತದ, ಹಳೇ ಮನಿಗಳದಾಗ ಶಾಕ್ ಹೊಡೆದ್ರ ಕರೆಂಟ್ ಕಡಿಯೋ ಆ 30 ಮಿಲಿ ಆಂಪಿನ ಸ್ವಿಚ್ಚೂ ಇರಂಗಿಲ್ಲ. ತಿಕ್ಕಿದ ಮ್ಯಾಲ ಸೋಫಾದಿಂದ ಹೊಲಸು ನೀರು ಎಳಿಯೋ ಮಷಿನ್ನಿಗಿ ಹೆಂಗೂ ವಾಯರ್ ಬೇಕೇ ಬೇಕು, ಕೈಯಾಗಿಂದರೆ ಒಂದು ಕಡಿಮಿ ಆತು.

ಇದಕ್ಕ ಖೋಡಿ ಇಲ್ಲಂತಲ್ಲ. ಒಂದು ಬ್ಯಾಟ್ರಿ ಒಂದು ಸೋಫಾ ಸೆಟ್ಟಿಗಿ ಮುಗೀತದ. ಬ್ಯಾಸಿಗಿದಾಗ ಬ್ಯಾಟ್ರಿ ಕಾದಿರ್ತದ, ಕಾದ ಬ್ಯಾಟ್ರಿ ಚಾರ್ಜರಿಗಿ ಹಾಕಿದ್ರ ಅದು ಕೆಂಪು ಲೈಟ್ ಮಿಣಮಿಣ ಅನಿಸ್ತದ ಹೊರತು ಚಾರ್ಜ್ ತಗೊಳಂಗಿಲ್ಲ, ತಣ್ಣಗ ಆಗೋತನ ಕಾಯಬೇಕು. 42 ಡಿಗ್ರಿದಾಗ ಅದು ತಣ್ಣಗ ಆಗೋದು ಯಾವಾಗ. ಕೂಲರ್ ಮುಂದ ಇಡ್ತೀನಿ, ಮನಿಯವ್ರು ನಗ್ತಾರ. ಎರಡು ಬ್ಯಾಟ್ರಿ ಇರೋ ಸೆಟ್ಟೇ ತಗೋರಿ, ನನಗ 3600 ಬಿತ್ತು.

ಪಾಲಿಶರ್ ನಂದಲ್ಲ, ಕಾರ್ ತೊಳಿಯೋ ಗೆಳೆಯಂದು, ಎರಡು ವಾರ ಇಸ್ಕೊಂಡಿದ್ದೆ. ಡ್ಯುಯಲ್ ಆಕ್ಷನ್ ಅಂತಾರಲ್ಲ ಅದು, ತಿರುಗ್ತಾ ತಿರುಗ್ತಾ ನಡಗ್ತದ, ಮುಂದ ವೆಲ್ಕ್ರೋಕ್ಕ ಐದು ಇಂಚಿನ ಬ್ರಶ್ ಹಚ್ಚೋದು. ಕೆಲಸ ಮಾತ್ರ ಭಾರಿ. ಜೋರ್ ಒತ್ತಿದ್ರ ತಿರುಗೋದು ನಿಂತು ಬರೇ ನಡಗ್ತದ, ಹಂಗಾಗಿ ದಾರ ಸುತ್ತಂಗಿಲ್ಲ, ನೊರಿ ಗ್ವಾಡಿಗಿ ಸಿಡಿಯಂಗಿಲ್ಲ, ಸಪಾಟ ಸೀಟಿನ ಮ್ಯಾಲ ಬ್ಯಾಟ್ರಿ ಡ್ರಿಲ್ಲಿಗಿಂತ ಚಲೋನೇ ಅಂತೀನಿ. ಆದ್ರ ಸಪಾಟ ಸೀಟು ಎಲ್ಲವ ನಮ್ಮೂರಾಗ? ಎಲ್ಲಾರಿಗೂ ಬೆನ್ನಿಗಿ ಗುಂಡಿ ಹೊಡ್ದು ಕುಣಿ ಮಾಡಿದ ಸೋಫಾನೇ ಬೇಕು, ಆ ಕುಣಿಯೊಳಗ ಇದು ಹೋಗಂಗಿಲ್ಲ. ಅರ್ಧ ತಾಸು ಹಿಡಿದ್ರ ಬೆರಳು ಜುಮ್ ಅಂತಾವ. ವಾಯರ್ ಇದ್ದೇ ಅದ. ಗೆಳೆಯ ಹೇಳಿದ ರೇಟು 7000ದ ಹತ್ರ. ಅವನಿಗಿ ಕಾರ್ ಪಾಲಿಶಿಗೂ ಬರ್ತದ, ನನಗ ಬರೇ ಸೋಫಾಕ್ಕ ಅಷ್ಟು ರೊಕ್ಕ ಹಾಕ್ಲಾಕ ಮನಸ್ಸಿಲ್ಲ. ದೊಡ್ಡ ಆಫೀಸು, ಲಾಡ್ಜು, ಫಂಕ್ಷನ್ ಹಾಲಿನ ನೂರು ಕುರ್ಚಿ ಹಿಡಿಯೋರು ಇದನ್ನೇ ನೋಡ್ರಿ.

ಕೈಬ್ರಶ್ ಬಿಟ್ಟಿಲ್ಲ, ಬಿಡೋದೂ ಇಲ್ಲ. ವೆಲ್ವೆಟ್ಟಿಗಿ ಯಾವ ಮಷಿನ್ನೂ ಬ್ಯಾಡ. ಈಗಿನ ವೆಲ್ವೆಟ್ ಬಹಳಷ್ಟು ಪಾಲಿಸ್ಟರ್, ಅಂದ್ರ ಪ್ಲಾಸ್ಟಿಕ್ಕೇ, ಬ್ರಶ್ ತಿರುಗಿದ ಬಿಸಿಗಿ ಅದರ ಸಣ್ಣ ಕೂದಲು ಒಂದೇ ಕಡಿ ಮಲಗಿ ಗುಂಡ ಗುಂಡ ಚಕ್ರದ ಗುರ್ತು ಬೀಳ್ತದ, ಒಣಗಿದ ಮ್ಯಾಲ ಬೆಳಕಿನಾಗ ಎದ್ದು ಕಾಣ್ತದ. ಮೆತ್ತನ ಬ್ರಶ್ಶಿಲೇ ಕೂದಲು ಮಲಗಿದ ದಿಕ್ಕಿಗೇ ಎಳಿಬೇಕು ಅಷ್ಟೇ. ಶನೀಲ್ ಅಂತ ಜುಂಜು ಜುಂಜು ದಾರದಿಂದ ನೇಯ್ದ ಬಟ್ಟಿ ಬರ್ತದಲ್ಲ, ಅದಕ್ಕೂ ಅದೇ, ಇಲ್ಲಂದ್ರ ಎಳಿ ಉದುರ್ತದ. ಕಂಪನಿ ಸೋಫಾ ಆದ್ರ ಗಾದಿ ಕೆಳಗ ಚೀಟಿ ಇರ್ತದ, ಡಬ್ಲ್ಯೂ ಅಂದ್ರ ನೀರು ನಡೀತದ, ಎಸ್ ಅಂದ್ರ ನೀರು ಬ್ಯಾಡ, ಬರೇ ಡ್ರೈಕ್ಲೀನಿಂಗ್ ಸಾಲ್ವೆಂಟ್, ಡಬ್ಲ್ಯೂಎಸ್ ಅಂದ್ರ ಎರಡೂ ನಡೀತದ, ಎಕ್ಸ್ ಅಂದ್ರ ಬರೇ ವ್ಯಾಕ್ಯೂಮ್. ಮಿಸ್ತ್ರಿ ಮಾಡಿದ್ದಕ್ಕ ಎಲ್ಲೀ ಚೀಟಿ, ಹಿಂದಿನ ಮೂಲ್ಯಾಗ ಬಿಳಿ ಬಟ್ಟಿ ಒದ್ದಿ ಮಾಡಿ ತಿಕ್ಕಿ ಬಣ್ಣ ಬಿಡ್ತದೇನ ನೋಡೋದೇ.

ಬೋರಿನ ನೀರು ಗಡಸು ಇದ್ರ ಯಾವ ಮಷಿನ್ ಹಿಡಿದ್ರೂ ಕರೀ ಬಟ್ಟಿ ಮ್ಯಾಲ ಬಿಳಿ ಕಲೆ ಕೂಡ್ತದ, ಕಡೀ ನೀರಿಗಿ ಫಿಲ್ಟರ್ ಕ್ಯಾನ್ ಒಯ್ರಿ.

ಇನ್ನೊಂದು, ಯಾವುದರಿಂದ ತಿಕ್ಕಿದ್ರೂ ಹೊಲಸು ಸಡ್ಲ ಆಗ್ತದ ಅಷ್ಟೇ, ಹೋಗಂಗಿಲ್ಲ. ಅದನ್ನ ಎಳಿಯೋ ಮಷಿನ್ ಇಲ್ಲದೇ ಬರೇ ಡ್ರಿಲ್ ಹಿಡ್ಕೊಂಡು ಹೋಗೋ ಹುಡುಗರು ಈಗ ಭಾಳ ಆಗ್ಯಾರ, ಮ್ಯಾಲ ಬಟ್ಟಿಲೇ ಒರಸಿ ಬರ್ತಾರ, ಒಳಗಿಂದು ಒಣಗ್ತಾ ಒಣಗ್ತಾ ಮತ್ತ ಮ್ಯಾಲ ಬರ್ತದ, ನಾಕು ದಿನಕ್ಕ ಅದೇ ಕಲೆ. ಆಮ್ಯಾಲ ನನಗ ಫೋನ್ ಬರ್ತದ, ರೇಟಿನಾಗ ಮಾತ್ರ ಅವರದೇ ಮಾಡ್ರಿ ಅಂತಾರ.

ನನ್ನ ಚೀಲದಾಗ ಈಗ ಇರೋದು ಬ್ಯಾಟ್ರಿ ಡ್ರಿಲ್, ಬಿಳಿ ಬ್ರಶ್ ಎರಡು, ಕೈಬ್ರಶ್ ಒಂದು. ಆ ವಾಯರ್ ಡ್ರಿಲ್ ಮಾರಿಲ್ಲ. ಗಿರಾಕಿ ಯಾರರೆ ಪರದೆ ರಾಡ್ ಹಾಕಿಕೊಡ್ರಿ ಅಂದ್ರ ಹೊರಗ ತೆಗಿತೀನಿ, ಹಿಡಿಯಾಂವ ಮಾತ್ರ ಹುಡುಗ, ಅವ ಬಲಗೈಯಾಂವ.