ಗಾಡಿ ಹಿಂದ ಶಟರ್ ಕೂಡ್ಸಿ ಒಂದು ಮಳಿಗಾಲ ಕಳದ ಮ್ಯಾಲೆ

ನಮ್ಮದು ಬ್ಯಾಟರಿ-ಇನ್ವರ್ಟರ್ ಸರ್ವಿಸ್ ಕೆಲಸ, ಗಾಡಿ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್, ಮುಂದ ಕ್ಯಾಬಿನ್, ಹಿಂದ ಮಾಲಿಗೆ ತೆರದ ಬಾಡಿ ಇರೋ ಪಿಕಪ್. ಹುಬ್ಬಳ್ಳಿಂದ ಅಣ್ಣಿಗೇರಿ, ಗದಗ, ಮುಂಡರಗಿ ತನಕ ವಾರಕ್ಕ ಮೂರ್ನಾಕು ಸಲ ಓಡಾಟ. ಎರಡು ವರ್ಷ ತಾಡಪತ್ರಿ ಹಗ್ಗದಾಗ ದಿನ ತಗದ್ನಿ. ಆಷಾಢದ ಗಾಳಿಗೆ ಗದಗ ರೋಡಿನ್ಯಾಗ ಅದು ಪಟಪಟ ಬಡ್ಕೊಂಡು ಮೂಲಿ ಹರದು, ಹಿಂದ ಬರೋ ಬೈಕಿನಾಂವ ಹಾರ್ನ್ ಹೊಡ್ಕೋತ ಬಂದು ‘ಅಣ್ಣಾ, ಹಾರಾಕತ್ತೇತಿ ನೋಡ್ರಿ’ ಅನ್ನೂದು, ನಾ ಇಳದು ಮತ್ತ ಕಟ್ಟೂದು. ದುರ್ಗದಬೈಲ್ ಹತ್ರ ಒಂದು ಸಂಜಿ ಬರೇ ಚಾ ಕುಡ್ಯೂದ್ರಾಗ ತಾಡಪತ್ರಿ ಕೆಳಗಿಂದ ಕೇಬಲ್ ಸುರುಳಿ ಹೋತು, ಬಾಡಿಗೆ ಕೀಲಿ ಹಾಕೂ ಮುಚ್ಚಳ ಹಾಕ್ಸೂದಂತ ಅವತ್ತ ಡಿಸೈಡ್ ಮಾಡಿದೆ.

ಗೋಕುಲ್ ರೋಡಿನ ಕಡೆ ಅಂಗಡ್ಯಾಗ ಮೂರು ನಮೂನಿ ತೋರ್ಸಿದ್ರು. ಒಂದು ರೆಕ್ಸಿನ್ ಥರದ್ದು, ಚಾಪಿ ಸುತ್ತಿದಂಗ ಸುತ್ತೂದು, ಬದಿಗೆ ವೆಲ್ಕ್ರೋ. ರೇಟ್ ಕಮ್ಮಿ, ಹಗೂರ, ಆದ್ರ ಕೈಯಾಗ ಬ್ಲೇಡ್ ಇದ್ದ ಕಳ್ಳಗ ಅದೇನ್ ಲೆಕ್ಕ, ಮತ್ತ ನಮ್ಮ ಎರಿ ಮಣ್ಣಿನ ಧೂಳಾ ವೆಲ್ಕ್ರೋದಾಗ ಹೊಕ್ಕತಂದ್ರ ಅದು ಹಿಡಿಯೂದ ಬಿಡತೈತಿ. ಎರಡನೇದು ಮೂರು ಮಡಿಕಿ ಗಟ್ಟಿ ಹಲಗಿ, ಚಲೋನ ಐತಿ, ಆದ್ರ ಪೂರಾ ತಗದ್ರ ಅದು ಕ್ಯಾಬಿನ್ ಗ್ಲಾಸಿಗೆ ಅಡ್ಡ ನಿಂದರತೈತಿ, ಹಿಂದ ಏನೂ ಕಾಣಂಗಿಲ್ಲ. ಮೂರನೇದು ಅಲ್ಯೂಮಿನಿಯಂ ಪಟ್ಟಿದು, ಅಂಗಡಿ ಶಟರ್ ಅಡ್ಡ ಮಲಗ್ಸಿದಂಗ. ತಗದ್ರ ಕ್ಯಾಬಿನ್ ಕಡೆ ಇರೋ ಡಬ್ಬಿಯೊಳಗ ಸುತ್ಕೊಂಡು ಹೋಗತೈತಿ, ಅರ್ಧಕ್ಕ ಬೇಕಂದ್ರ ಅರ್ಧಕ್ಕ ಲಾಕ್ ಆಗತೈತಿ. ನನಗ ಹೇಳಿದ ರೇಟು ಲಕ್ಷಕ್ಕ ಸ್ವಲ್ಪ ಕಮ್ಮಿ. ಮನ್ಯಾಗ ಹೇಳಿದ್ದು ಅರವತ್ತು ಸಾವಿರ, ಅದು ಬ್ಯಾರೆ ಮಾತು.

ಈ ಡಬ್ಬಿ ಬಗ್ಗೆ ಯಾರೂ ಮೊದ್ಲ ಹೇಳಂಗಿಲ್ಲ ನೋಡ್ರಿ. ನನ್ನ ಗಾಡಿ ಬಾಡಿ ಟೇಪ್ ಹಿಡದ್ರ ಉದ್ದ ಐದು ಫೂಟಿಗೆ ಸ್ವಲ್ಪ ಕಮ್ಮಿ, ಆಳ ಒಂದೂವರೆ ಫೂಟು. ಅದ್ರಾಗ ಕ್ಯಾಬಿನ್ ಕಡೆ ಹತ್ತಿಂಚು ಡಬ್ಬಿಗೇ ಹೋತು. ಡಬ್ಬಿ ಕೆಳಗ ಜಾಗ ಉಳೀತೈತಿ, ಪಾನಾ ಪೆಟ್ಟಿಗಿ, ವೈರು ಹಾಕಬೋದು, ಆದ್ರ ಇನ್ವರ್ಟರಿನ ಎತ್ತರದ ಟ್ಯೂಬ್ಯುಲರ್ ಬ್ಯಾಟರಿ ಟರ್ಮಿನಲ್ ಸೇರಿ 16 ಇಂಚಿನ ಮ್ಯಾಲೆ ಇರತೈತಿ, ಅದನ್ನ ನಿಂದರ್ಸೇ ಒಯ್ಬೇಕು, ಮಲಗ್ಸಿದ್ರ ಆ್ಯಸಿಡ್ ಹರೀತೈತಿ. ಡಬ್ಬಿ ಕೆಳಗ ಅದು ಹೋಗಂಗಿಲ್ಲ. ಉಳದ ಕಡೆ ಶಟರ್ ಕೆಳಗ ಎರಡು ಬೆರಳು ಸಂದಿ ಬಿಟ್ಟು ಕೂಡತೈತಿ ಅಷ್ಟ. ಮೊದ್ಲು ಒಂದು ಸಾಲು ಜಾಸ್ತಿ ಇಡ್ತಿದ್ದೆ, ಈಗ ಇಲ್ಲ. ಹಂಗಾಗಿ ನಿಮ್ಮ ಗಾಡಿ ಅಳತಿ ಅಲ್ಲ, ನಿಮ್ಮ ಮಾಲಿನ ಎತ್ತರ ಮೊದ್ಲ ಅಳ್ಕೊಂಡು ಅಂಗಡಿಗೆ ಹೋಗ್ರಿ.

ಫಿಟ್ಟಿಂಗಿಗೆ ಅರ್ಧ ದಿನ. ಶಟರ್ ಸರಿಯೂ ಬದಿ ರೈಲು ಕ್ಲ್ಯಾಂಪಿಂದ ಬಾಡಿ ಅಂಚಿಗೆ ಕಚ್ಚತಾವು, ತೂತು ಹೊಡ್ಯೂದಿಲ್ಲ ಅಂದಿದ್ರು, ಆದ್ರ ನನ್ನ ಗಾಡಿಗೆ ಹಳೇ ಮಾಲಕ ಬಾಡಿ ಒಳಗಿನ ಪ್ಲಾಸ್ಟಿಕ್ ಹೊದಿಕಿ (ಲೈನರ್) ಅಂಚಿನ ಮ್ಯಾಲ ತನಕ ಹಾಕ್ಸಿದ್ದ, ಕ್ಲ್ಯಾಂಪ್ ಹಿಡಿಲಿಲ್ಲ, ಅಂಚು ಕೊಯ್ಬೇಕಾತು. ಕ್ಯಾಬಿನ್ ಹಿಂದ ಕಮಾನಿನಂಥ ಸ್ಟೀಲ್ ಪೈಪ್ (ರೋಲ್ ಬಾರ್) ಇದ್ರ ಅದಕ್ಕೂ ಡಬ್ಬಿಗೂ ಜಗಳ, ಮೊದ್ಲ ಫೋಟೋ ತೋರ್ಸಿ ಕೇಳ್ರಿ. ಇನ್ನ ಶಟರಿಗೆ ಕೀಲಿ ಹಾಕಿ ಹಿಂದಿನ ಡೋರ್ ಬೀಗ ಇಲ್ದ ಬಿಟ್ರ ಮುಂಬಾಗಿಲ ಹಾಕಿ ಹಿತ್ತಲ ಬಾಗಿಲ ತಗದಂಗ ಆತು, ಡೋರಿಗೆ ಬ್ಯಾರೆ ಲಾಕ್ ಹಾಕ್ಸಾಕ ಬೇಕು.

ಈಗ ಮಳಿ. ಅಂಗಡ್ಯಾಂವ ‘ಸರ, ಒಂದು ಹನಿ ಬಂದ್ರ ನನ್ನ ಕೇಳ್ರಿ’ ಅಂದಿದ್ದ. ಜುಲೈದಾಗ ಧಾರವಾಡದಾಗ ಜಿಟಿಜಿಟಿ ಮಳಿ ಮೂರು ದಿನ ಬಿಡ್ಲಿಲ್ಲ, ಗಾಡಿ ಹೊರಗ ನಿಂತಿತ್ತು, ನಾಕನೇ ದಿನ ತಗದು ನೋಡಿದ್ರ ಮುಂದಿನ ಮೂಲ್ಯಾಗ ಇನ್ವರ್ಟರ್ ಬಾಕ್ಸಿನ ರಟ್ಟು ನೆನದು ಹಪ್ಪಳ ಆಗೇತಿ. ಸಿಟ್ಟಿಗೆ ರಬ್ಬರ್ ಹೋಗೇತಿ ಅನ್ಕೊಂಡೆ. ಅಲ್ಲ. ಪಟ್ಟಿ ಸಂದಿಂದ, ರೈಲಿಂದ ನೀರು ಬರೂದ ಹೌದು, ಅದು ರೈಲಿನ ಗುಂಟ ಡಬ್ಬಿಗೆ ಬಂದು, ಡಬ್ಬಿ ಎರಡೂ ಮೂಲ್ಯಾಗಿನ ಪೈಪಿನಿಂದ ಬಾಡಿ ಕೆಳಗ ರೋಡಿಗೆ ಬೀಳಬೇಕು. ಆ ಪೈಪ್ ಒಂದು ಕಡೆ ಫಿಟ್ಟರ್ ಹೊರಗ ತಗೀದ ಒಳಗ ಮಡಚಿ ಬಿಟ್ಟಿದ್ದ! ಅಂದ್ರ ಡಬ್ಬಿ ನೀರು ಸೀದಾ ನನ್ನ ಮಾಲಿನ ಮ್ಯಾಲೆ. ಅಂಗಡಿಗೆ ಹೋದ್ರ ಫಿಟ್ಟರ್ ಬಿಟ್ಟು ಹೋಗ್ಯಾನ ಅಂದ್ರು, ಇನ್ವರ್ಟರ್ ರೊಕ್ಕ ಕೇಳಿದ್ರ ಚಾ ತರ್ಸಿದ್ರು. ನಾನ ತೂತು ಹುಡುಕಿ ಪೈಪ್ ಇಳಿಸಿದೆ. ಆಮ್ಯಾಲಿಂದ ಗಾಡಿ ನಿಂತಾಗ ಒಳಗ ಒಣ. ಆದ್ರೂ ಸ್ಪೀಡಿನ್ಯಾಗ ಜೋರ್ ಮಳಿ ಬಂದ್ರ ಹಿಂದಿನ ಡೋರ್ ಸಂದಿಂದ ಸ್ವಲ್ಪ ತ್ಯಾವ ಬರತೈತಿ. ಪೂರಾ ವಾಟರ್‌ಪ್ರೂಫ್ ಅಂತ ಹೇಳೋರನ್ನ ನಂಬಬ್ಯಾಡ್ರಿ, ಶಟರ್ ನೀರು ತಡಿಯಂಗಿಲ್ಲ, ದಾರಿ ತೋರ್ಸತೈತಿ. ಡೆಲಿವರಿ ತಗೋವಾಗ ಡಬ್ಬಿ ಎರಡೂ ಮೂಲಿಗೆ ಒಂದೊಂದು ತಂಬಗಿ ನೀರು ಹಾಕಿ, ಬಗ್ಗಿ ಗಾಡಿ ಕೆಳಗ ನೋಡ್ರಿ, ಎರಡೂ ಕಡೆ ಬಿದ್ರ ಮಾತ್ರ ರೊಕ್ಕ ಕೊಡ್ರಿ.

ಧೂಳಿಗೆ ಮಾತ್ರ ಹತ್ತಕ್ಕ ಒಂಬತ್ತು ಮಾರ್ಕ್ಸ್. ಬಿಸಲಾಗ ಮುಂಡರಗಿ ಕಡೆ ಹೋಗಿ ಬಂದ್ರ ಮೊದ್ಲು ಬಾಕ್ಸ್ ಮ್ಯಾಲ ಹೆಸರು ಬರೀಬೋದಿತ್ತು, ಈಗಿಲ್ಲ. ಆದ್ರ ಆ ಧೂಳಾ ರೈಲಿನ್ಯಾಗ ಕೂತು ಮಳಿ ಬಿದ್ರ ಕೆಸರಾಗಿ ಶಟರ್ ಗಚ್ಚಂತ ಹಿಡೀತೈತಿ, ಪೈಪೂ ಕಟ್ಟತೈತಿ. ಗ್ರೀಸ್ ಹಚ್ಚಬ್ಯಾಡ್ರಿ, ನಾ ಹಚ್ಚಿ ಅರಲು ಮಾಡ್ಕೊಂಡೀನಿ. ಬ್ರಷ್ ಹೊಡದು, ಒಣಗೋ ಸಿಲಿಕೋನ್ ಸ್ಪ್ರೇ ಸಾಕು. ಬ್ಯಾಟರಿ ಕೆಲಸದೋರಿಗೆ ಇನ್ನೊಂದು, ಆ್ಯಸಿಡ್ ಕೈಲೆ ಪಟ್ಟಿ ಮುಟ್ಟಿದ್ರ ಅಲ್ಯೂಮಿನಿಯಂ ತಿಂತೈತಿ, ನನ್ನದ್ರ ಮ್ಯಾಲ ಐದು ಬೆರಳಿನ ಗುರ್ತು ಅದಾವ.

ಕಾಯಿಪಲ್ಲೆ, ಮೆಣಸಿನಕಾಯಿ ಚೀಲ ಎತ್ತರ ಏರ್ಸೋರು ಇದಕ್ಕ ಕೈ ಹಾಕಬ್ಯಾಡ್ರಿ. ಹ್ವಾದ ತಿಂಗಳ ನಮ್ಮ ಮಾವನಾರು ಬ್ಯಾಡಗಿಗೆ ಒಂದು ಫ್ರಿಜ್ ಒಯ್ಬೇಕಂದ್ರು, ಶಟರ್ ಪೂರಾ ಸುತ್ತಿ ಫ್ರಿಜ್ ನಿಂದರ್ಸಿ ಹಗ್ಗ ಕಟ್ಟಿದ್ವಿ, ಶಿಗ್ಗಾಂವಿ ದಾಟೂದ್ರಾಗ ಮಾಡ ಕರ್ರಗ ಆತು. ಸೀಟಿನ ಹಿಂದಿಂದ ಹಳೇ ಹರಕ ತಾಡಪತ್ರಿ ತಗದೆ. ಮಾವನಾರು ಕೇಳಿದ್ರು, ‘ಲಕ್ಷ ರೂಪಾಯಿದು ಯಾವುದಪಾ, ಇದೋ ಅದೋ?’