ಚೊಣಕದ ಮರಿ ಪೂರೈಕೆ: ಮರಿ ಗಟ್ಟಿ, ವಿಂಗಡಣೆ ಸಡಿಲ

ಗೋವೆಯವರು ಚೊಣಕ ಎಂದೂ ಮುಂಬಯಿಯವರು ಜಿತಾಡಾ ಎಂದೂ ಕರೆಯುವ ಸೀಬಾಸ್ ಮೀನಿನ 2,000 ಮರಿಗಳನ್ನು ಕಳೆದ ಅಕ್ಟೋಬರ್‌ನಲ್ಲಿ ಪೂರ್ವ ಕರಾವಳಿಯ ಖಾಸಗಿ ಹ್ಯಾಚರಿಯೊಂದರಿಂದ ತರಿಸಿಕೊಂಡೆವು. ಗೋವೆಯ ಮಾಂಡವಿ ನದಿಯ ಚೋಡಣ ದ್ವೀಪದಲ್ಲಿ ನಾವು ಗೇಣಿಗೆ ಹಿಡಿದಿರುವ ಖಾಜನ್ (ಒಡ್ಡು ಕಟ್ಟಿ ಭರತದ ನೀರನ್ನು ಹತೋಟಿಯಲ್ಲಿಟ್ಟ ತಗ್ಗು ಭೂಮಿ) ಕೊಳಕ್ಕೆ ಇದು ಮೊದಲ ಬಿತ್ತನೆ. ಕುಮಟೆಯ ಅಂಥದ್ದೇ ಗಜನಿ ಭೂಮಿಯ ಕೆಸರಿನಲ್ಲಿ ಬೆಳೆದ ನನಗೆ ಖಾಜನ್ ಹೊಸದಲ್ಲ. ಒಡ್ಡು, ತೂಬು, ಭರತ-ಇಳಿತದ ಲೆಕ್ಕ ಎಲ್ಲವೂ ನಮ್ಮೂರಿನದೇ. ಹೊಸದಾಗಿದ್ದುದು ಮರಿಯನ್ನು ದುಡ್ಡು ಕೊಟ್ಟು ಕೊಳ್ಳುವುದು. ಪೂರೈಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಹಿಂದೆ ಖಾಜನ್‌ಗಳಿಗೆ ಚೊಣಕ ತಾನಾಗಿ ಬರುತ್ತಿತ್ತು. ದೊಡ್ಡ ಮೀನು ಅಳಿವೆಯ ಬಾಯಿಗೆ ಇಳಿದು ಮೊಟ್ಟೆಯಿಡುತ್ತದೆ, ಮರಿಗಳು ಭರತದೊಂದಿಗೆ ಒಳನೀರಿಗೆ ಏರುತ್ತವೆ, ತೂಬಿನ ಬಾಗಿಲು ದಾಟಿ ಬಂದಷ್ಟು ನಮ್ಮದು. ಅದನ್ನು ನಂಬಿ ಸಾಲ ತೀರಿಸಲಾಗದು. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯು 1997ರಲ್ಲಿ ಸೀಬಾಸನ್ನು ತೊಟ್ಟಿಯಲ್ಲೇ ಮೊಟ್ಟೆಯಿಡಿಸಿ ಮರಿ ಮಾಡುವಲ್ಲಿ ಯಶಸ್ವಿಯಾದ ಮೇಲೆಯೇ ನಮ್ಮ ದೇಶದಲ್ಲಿ ಹ್ಯಾಚರಿ ಮರಿಯ ದಾರಿ ತೆರೆಯಿತು. ಈ ಮೀನು ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ಆದ್ದರಿಂದ ತಾಯಿಮೀನುಗಳನ್ನು ವರ್ಷಗಟ್ಟಲೆ ಸಾಕದೆ ಹ್ಯಾಚರಿಯವರಿಗೆ ಮೊಟ್ಟೆ ಸಿಗುವುದಿಲ್ಲ. ಮರಿಯೊಂದಕ್ಕೆ 30 ರೂಪಾಯಿ, ಸಾಗಣೆ ಬೇರೆ ಎಂದಾಗ ನಾನು ಚೌಕಾಸಿ ಮಾಡದಿದ್ದುದಕ್ಕೆ ಇದೇ ಕಾರಣ.

ಬುಕಿಂಗ್ ಹಂತದಲ್ಲಿ ಅವರ ನಡೆ ಮೆಚ್ಚುವಂತಿತ್ತು. ಕೊಳದ ನೀರಿನ ಉಪ್ಪಿನಂಶ ಎಷ್ಟು ಎಂದು ಮೊದಲ ಫೋನಿನಲ್ಲೇ ಕೇಳಿದರು. ಮಳೆಗಾಲ ಮುಗಿದ ಹೊಸದರಲ್ಲಿ ನಮ್ಮ ಕೊಳ 8 ಪಿಪಿಟಿಯ (ಸಾವಿರ ಪಾಲು ನೀರಿನಲ್ಲಿ ಎಂಟು ಪಾಲು ಉಪ್ಪು) ಆಸುಪಾಸಿನಲ್ಲಿತ್ತು, ಸಮುದ್ರದ ನೀರೋ 35ರ ಹತ್ತಿರ. ಸೀಬಾಸ್ ಸಿಹಿನೀರಿನಲ್ಲೂ ಬದುಕುವ ಜಾತಿಯಾದರೂ ಒಮ್ಮೆಲೇ ಬದಲಾದರೆ ಮರಿ ತಾಳಲಾರದು. ಅವರು ತಮ್ಮ ತೊಟ್ಟಿಯಲ್ಲೇ ಒಂದು ವಾರ ದಿನಕ್ಕಿಷ್ಟು ಎಂದು ಉಪ್ಪು ಇಳಿಸಿ, ಕಳುಹಿಸುವ ಮುನ್ನಾದಿನ ಆಹಾರ ನಿಲ್ಲಿಸಿ, ನರಗಳಿಗೆ ತಗಲುವ ವೈರಸ್ ರೋಗವಿಲ್ಲವೆಂಬ ಪಿಸಿಆರ್ ಪರೀಕ್ಷೆಯ ವರದಿಯನ್ನೂ ಲಗತ್ತಿಸಿದರು. ಆಮ್ಲಜನಕ ತುಂಬಿದ 20 ಚೀಲಗಳು ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಕುಳಿತು ರಾಯಬಂದರದ ಫೆರಿ ದಾಟುವಾಗ ಬೆಳಗಿನ ಏಳು ಗಂಟೆ. ಇಪ್ಪತ್ತು ತಾಸಿನ ಪಯಣದಲ್ಲಿ ಸತ್ತ ಮರಿಗಳು ಒಟ್ಟು 31. ಇದನ್ನು ನಾನು ಉತ್ತಮ ಸಾಧನೆ ಎಂದೇ ಪರಿಗಣಿಸುತ್ತೇನೆ.

ತೊಂದರೆ ಕಂಡದ್ದು ಚೀಲಗಳನ್ನು ಅರ್ಧ ತಾಸು ನೀರಿನಲ್ಲಿ ತೇಲಿಸಿ, ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮರಿಗಳನ್ನು ಹಾಪಾ ಬಲೆಗೆ (ನೀರಿನೊಳಗೆ ಕಟ್ಟುವ ಬಲೆಯ ತೊಟ್ಟಿ) ಇಳಿಸುವಾಗ. ನಮ್ಮಲ್ಲಿ ಕೆಲಸಕ್ಕಿರುವ ಗದಗ ಕಡೆಯ ಹುಡುಗ ಬೋಗುಣಿಯನ್ನು ನನ್ನ ಮುಂದೆ ಹಿಡಿದು, "ಸರ, ಇದರ ಬಾಯಾಗ ಇನ್ನೊಂದರ ಬಾಲ ಐತಿ ನೋಡ್ರಿ" ಎಂದ. ಬೆರಳುದ್ದದ ಮರಿಯೊಂದರ ಬಾಯಿಂದ ಇನ್ನೊಂದರ ಬಾಲ ಹೊರಗೆ ಚಾಚಿಕೊಂಡು ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. ನುಂಗಿದ್ದರ ಹೊಟ್ಟೆ ಹಿಗ್ಗಿ, ಒಳಗಿನ ಮರಿಯ ಕಣ್ಣಿನ ಕಪ್ಪು ಚುಕ್ಕೆ ಚರ್ಮದ ಮೂಲಕ ಕಾಣುವಷ್ಟು ತೆಳ್ಳಗಾಗಿತ್ತು. ಆ ಒಂದು ಚೀಲದಿಂದ 50 ಮರಿಗಳನ್ನು ಅಳೆದೆ. ಬಿಲ್ಲಿನಲ್ಲಿ ಇದ್ದುದು ಐದು ಸೆಂಟಿಮೀಟರ್. ಹೆಚ್ಚಿನವು ಅಷ್ಟೇ ಇದ್ದವು, ಆದರೆ ಆರು ಮರಿ ಏಳೂವರೆ ದಾಟಿದ್ದವು, ಎಂಟು ಮರಿ ಮೂರಕ್ಕೂ ಬಂದಿರಲಿಲ್ಲ.

ಸೀಬಾಸ್ ಮರಿ ತನ್ನ ಉದ್ದದ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಿರುವ ಒಡಹುಟ್ಟನ್ನು ನುಂಗಬಲ್ಲದು. ಅಂದರೆ ಏಳೂವರೆ ಸೆಂಟಿಮೀಟರ್ ಮರಿಗೆ ಉಳಿದವೆಲ್ಲ ಹೆಚ್ಚುಕಡಿಮೆ ಊಟವೇ. ಒಂದೇ ದಿನ ಮೊಟ್ಟೆಯೊಡೆದ ಮರಿಗಳಲ್ಲೂ ಕೆಲವು ಮುನ್ನುಗ್ಗಿ ಬೆಳೆಯುತ್ತವೆ. ರೋಟಿಫರ್ ಎಂಬ ಸೂಕ್ಷ್ಮ ಜೀವಿಯನ್ನು ತಿನ್ನುವ ದಿನ ಕಳೆದು, ಆರ್ಟಿಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಸರದಿಯೂ ಮುಗಿದು, ಕೃತಕ ಆಹಾರಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಈ ಅಂತರ ದಿನದಿನಕ್ಕೂ ಹಿಗ್ಗುತ್ತದೆ. ಮೂರು-ನಾಲ್ಕು ದಿನಕ್ಕೊಮ್ಮೆ ತೂತಿನ ಬುಟ್ಟಿಗಳಲ್ಲಿ ಜಾಲಾಡಿ ಗಾತ್ರವಾರು ಬೇರ್ಪಡಿಸದಿದ್ದರೆ ರೋಗವಿಲ್ಲದೆಯೇ ತೊಟ್ಟಿ ಖಾಲಿಯಾಗುತ್ತದೆ. ನನ್ನ ಅಂದಾಜಿನಲ್ಲಿ ಉಪ್ಪು ಇಳಿಸಿದ ಆ ವಾರ ಪೂರ್ತಿ ಇವರು ವಿಂಗಡಣೆಗೆ ಕೈಹಾಕಿರಲಿಲ್ಲ. ಒಂದು ಒಳ್ಳೆಯ ಕೆಲಸದ ಭರದಲ್ಲಿ ಇನ್ನೊಂದು ಬಿಟ್ಟುಹೋಗಿದೆ.

ಎಣಿಕೆಯಲ್ಲೂ ಸ್ವಲ್ಪ ಕೊರತೆ ಇತ್ತು. ನಾಲ್ಕು ಚೀಲ ಪೂರ್ತಿ ಎಣಿಸಿದಾಗ 97, 101, 94, 98 ಬಂದವು. ಇದಕ್ಕೆ ತಗಾದೆ ತೆಗೆಯುವುದು ಸಣ್ಣತನವಾದೀತು.

ಫೋನ್ ಮಾಡಿದಾಗ ಮಾತಾಡಿದ ವ್ಯಕ್ತಿ ಸಭ್ಯವಾಗಿಯೇ ಉತ್ತರಿಸಿದರು. ಸತ್ತು ಬಂದ 31 ಮರಿಗಳ ಹಣವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಲು ಒಪ್ಪಿದರು. ತಿಂದುಹಾಕಿದ ಮರಿಗಳ ಲೆಕ್ಕ ಮಾತ್ರ ತಮ್ಮದಲ್ಲ, ಹಾಪಾದಲ್ಲಿ ವಿಂಗಡಿಸಿಕೊಳ್ಳುವುದು ರೈತನ ಹೊಣೆ ಎಂದರು. ಕೊಳಕ್ಕೆ ಬಂದ ಮೇಲಿನ ಮಾತಿಗೆ ಇದು ಸರಿ. ಪೆಟ್ಟಿಗೆ ತೆರೆಯುವ ಮೊದಲೇ ಒಳಗೆ ಮೂರು ಗಾತ್ರದ ಮರಿ ತುಂಬಿಸಿ ಒಂದೇ ಗಾತ್ರದ ದರ ಹಾಕಿದ್ದರ ಬಗ್ಗೆ ಅವರ ಬಳಿ ಉತ್ತರವಿರಲಿಲ್ಲ. ಅಂದೇ ನಾವು ಮೂರು ಹಾಪಾ ಕಟ್ಟಿ ಮರಿಗಳನ್ನು ಬೇರೆ ಮಾಡಿದೆವು. ಆದರೂ ಹಾಪಾದಲ್ಲಿ ಸಾಕುವ 45 ದಿನಗಳ ನರ್ಸರಿ ಮುಗಿಸಿ ಕೊಳಕ್ಕೆ ಬಿಡುವಾಗ ಎಣಿಸಿದರೆ ಉಳಿದದ್ದು 1,312. ಉಳಿದವು ಮಾತ್ರ ಚುರುಕಾಗಿವೆ, ಮೈಮೇಲೆ ಗಾಯವಿಲ್ಲ, ತೇಲುವ ಆಹಾರಕ್ಕೆ ನೀರು ಸಿಡಿಯುವಂತೆ ಎಗರುತ್ತವೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೊದಲ ಸಲ ತರಿಸುವವರು ಹಾಪಾಗಳನ್ನು ಒಂದರ ಬದಲು ಮೂರು ಕಟ್ಟಿಟ್ಟುಕೊಂಡೇ ವ್ಯಾನನ್ನು ಕಾಯಬೇಕು. ಮುಂದಿನ ಬಿತ್ತನೆಗೂ ನಾನು ಇವರನ್ನೇ ಕೇಳಿದ್ದೇನೆ. ಪ್ಯಾಕಿಂಗ್‌ನ ಹಿಂದಿನ ದಿನ ವಿಂಗಡಣೆ ಮಾಡಬೇಕು, ಅಳತೆಪಟ್ಟಿಯ ಪಕ್ಕದಲ್ಲಿಟ್ಟ ಮರಿಗಳ ಫೋಟೋ ಕಳುಹಿಸಬೇಕು, ಬಾಕಿ ಅರ್ಧ ಹಣ ಇಲ್ಲಿ ಅಳೆದ ಮೇಲೆ ಎಂಬ ಷರತ್ತು ಹಾಕಿದ್ದೇನೆ. ಮೊದಲ ಎರಡಕ್ಕೆ ಒಪ್ಪಿದ್ದಾರೆ, ಮೂರನೆಯದಕ್ಕೆ ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.